ಮಕ್ಕಳ ಕೈಗೆ ತಂಬಾಕು ಸಿಗದಂತೆ: ಹಾಸನದ ಬೀದಿಗಳಿಗೊಂದು ಮಾರ್ಗದರ್ಶಿ

ತಂಬಾಕು ದೇಹಕ್ಕೆ ಕೆಟ್ಟದ್ದು ಎಂಬುದನ್ನು ಕೇಳಿಯೇ ಇಲ್ಲದ ಮಗು ಇಂದು ಹಾಸನ ನಗರದಲ್ಲಿ ಸಿಗುವುದು ಕಷ್ಟ. ಸಿನಿಮಾ ಶುರುವಾಗುವ ಮೊದಲೇ ಆ ಮಾತು ಕಿವಿಗೆ ಬೀಳುತ್ತದೆ. ಸಿಗರೇಟು, ಬೀಡಿ, ಹೊಗೆಸೊಪ್ಪಿನ ಪೊಟ್ಟಣಗಳ ಮುಖಭಾಗದಲ್ಲಿ ಶೇ. 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರವೇ ತುಂಬಿಕೊಂಡಿರುತ್ತದೆ. ಹೀಗಿದ್ದೂ ಕೂಲಿಕಾರರು, ಪೌರಕಾರ್ಮಿಕರು, ಗಾರೆ ಕೆಲಸದವರು, ಬೀದಿ ವ್ಯಾಪಾರಿಗಳು ಒತ್ತೊತ್ತಾಗಿ ಬದುಕುವ ಬಡಾವಣೆಗಳಲ್ಲಿ ಮಕ್ಕಳು ಮೀಸೆ ಮೂಡುವ ಮೊದಲೇ ಪೊಟ್ಟಣ ಹರಿಯುವುದನ್ನು ಕಲಿಯುತ್ತಿದ್ದರೆ, ಅದಕ್ಕೆ ತಿಳಿವಳಿಕೆಯ ಕೊರತೆಯೊಂದನ್ನೇ ಕಾರಣವೆನ್ನಲು ಬರುವುದಿಲ್ಲ. ಮನೆಯಿಂದ ಮೂವತ್ತು ಹೆಜ್ಜೆಯಲ್ಲಿ ಅಂಗಡಿಯಿದೆ, ಬಿಡಿ ಸಿಗರೇಟು ಸಿಗುತ್ತದೆ, ಅಪ್ಪನಿಗೆ ಬೀಡಿ ತಂದುಕೊಡುವ ಕೆಲಸ ಮಗುವಿನದೇ ಆಗಿದೆ, ಶಾಲೆ ಬಿಟ್ಟ ಹುಡುಗನಿಗೆ ಗ್ಯಾರೇಜಿನಲ್ಲಿ ವಾರದ ಬಟವಾಡೆ ಕೈಗೆ ಬರುತ್ತದೆ, ಸಂಜೆ ಹೋಗಿ ಕೂರಲು ಬೇರೆ ಜಾಗವಿಲ್ಲ. ತಡೆಯುವ ಕೆಲಸವೂ ಇದೇ ಕ್ರಮದಲ್ಲಿ, ಅಂದರೆ ಬೀದಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ, ಅಲ್ಲಿಂದ ಶಾಲೆಗೆ ಮತ್ತು ದುಡಿಯುವ ಜಾಗಕ್ಕೆ ಸಾಗಬೇಕು. ಕ್ಯಾನ್ಸರ್ ಕುರಿತ ಉಪನ್ಯಾಸಕ್ಕೆ ಈ ಸಾಲಿನಲ್ಲಿ ಕೊನೆಯ ಸ್ಥಾನ.

2019ರಲ್ಲಿ ದೇಶದಾದ್ಯಂತ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿ ನೋಡಿದ್ದ ಮಕ್ಕಳಲ್ಲಿ ಶೇ. 47ರಷ್ಟು, ಹೊಗೆರಹಿತ ತಂಬಾಕು ಬಳಸಿದ್ದವರಲ್ಲಿ ಶೇ. 52ರಷ್ಟು ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಅದರ ರುಚಿ ಕಂಡಿದ್ದರು. ಈ ಸಮೀಕ್ಷೆ ಶಾಲೆಯೊಳಗೆ ನಡೆಯುವಂಥದ್ದು. ತರಗತಿಯಲ್ಲಿ ಇಲ್ಲದ ಮಗು ಇದರ ಲೆಕ್ಕಕ್ಕೂ ಸಿಗುವುದಿಲ್ಲ. ನಾವು ಇಲ್ಲಿ ಮಾತನಾಡುತ್ತಿರುವ ಬಡಾವಣೆಗಳಲ್ಲಿ ಅಂಥ ಮಕ್ಕಳೇ ಹೆಚ್ಚು ಅಪಾಯದಲ್ಲಿರುವುದರಿಂದ, ಹೈಸ್ಕೂಲಿನಲ್ಲಿ ಒಂದು ಕಾರ್ಯಕ್ರಮ ಮಾಡಿ ಮುಗಿಸಿದರೆ ಸಾಕೆಂಬ ಲೆಕ್ಕಾಚಾರವನ್ನು ಆರಂಭದಲ್ಲೇ ಬಿಡಬೇಕು. ತಡೆಯುವ ವಯಸ್ಸು ಎಂಟು ಒಂಬತ್ತರಿಂದ ಶುರುವಾಗುತ್ತದೆ.

ಯಾರು, ಎಷ್ಟು ಜಾಗಕ್ಕೆ

ಐದಾರು ಜನ ಸಾಕು. ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದ ಇಬ್ಬರು ಮಹಿಳೆಯರು, ಆಶಾ ಕಾರ್ಯಕರ್ತೆ, ಹತ್ತಿರದ ಸರ್ಕಾರಿ ಶಾಲೆಯ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ, ಜೊತೆಗೆ ಅದೇ ಬೀದಿಯ ಹದಿನೇಳರಿಂದ ಹತ್ತೊಂಬತ್ತರ ವಯಸ್ಸಿನ ಇಬ್ಬರು. ಈ ಕೊನೆಯ ಇಬ್ಬರನ್ನು ಸಹಾಯಕ್ಕೆಂದು ಮಾತ್ರ ಕರೆಯದೆ ತೀರ್ಮಾನ ಮಾಡುವವರ ಸಾಲಿನಲ್ಲೇ ಕೂರಿಸಬೇಕು. ಹುಡುಗರ ಬಾಯಲ್ಲಿ ಯಾವ ಪೊಟ್ಟಣಕ್ಕೆ ಏನು ಹೆಸರು, ಯಾವ ಅಂಗಡಿಯಲ್ಲಿ ಸಾಲ ಕೊಡುತ್ತಾರೆ, ಯಾವ ಗೋಡೆಯ ಹಿಂದೆ ಸೇರುತ್ತಾರೆ ಎಂಬುದು ಹಿರಿಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಗರ ಆರೋಗ್ಯ ಅಭಿಯಾನದ ಅಡಿಯಲ್ಲಿ ರಚನೆಯಾದ ಮಹಿಳಾ ಆರೋಗ್ಯ ಸಮಿತಿ ನಿಮ್ಮ ಬಡಾವಣೆಯಲ್ಲಿದ್ದರೆ ಹೊಸ ಸಂಘ ಕಟ್ಟುವ ಅಗತ್ಯವೇ ಇಲ್ಲ. ಆ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಸೇರಿಸಿದರೆ ಆಯಿತು.

ಇಡೀ ವಾರ್ಡನ್ನು ಕೈಗೆತ್ತಿಕೊಳ್ಳಬೇಡಿ. ನೂರು, ನೂರೈವತ್ತು ಮನೆಗಳ ಒಂದು ಬೀದಿ, ಅದರ ಮಕ್ಕಳು ಹೋಗುವ ಒಂದು ಶಾಲೆ, ಅವರು ದಿನವೂ ದಾಟುವ ಅಂಗಡಿಗಳು, ಇಷ್ಟೇ ಮೊದಲ ವರ್ಷದ ಕ್ಷೇತ್ರ.

ಮೊದಲ ಹೆಜ್ಜೆ: ಬೀದಿಯನ್ನು ನಡೆದು ನೋಡುವುದು

ಒಂದು ದೊಡ್ಡ ಹಾಳೆಯ ಮೇಲೆ ಬೀದಿಯ ನಕ್ಷೆ ಬರೆದುಕೊಳ್ಳಿ. ಶಾಲೆ, ಅಂಗನವಾಡಿ, ನಲ್ಲಿ, ಗುಡಿ, ಮಸೀದಿ, ಬಸ್ ನಿಲ್ದಾಣ, ಆಟದ ಜಾಗ, ಪೆಟ್ಟಿಗೆ ಅಂಗಡಿ, ಟೀ ಅಂಗಡಿ, ಮದ್ಯದಂಗಡಿ ಇವೆಲ್ಲವನ್ನೂ ಗುರುತಿಸಿ. ನಂತರ ಅದೇ ದಾರಿಯನ್ನು ಮೂರು ಹೊತ್ತಿನಲ್ಲಿ ನಡೆಯಿರಿ: ಶಾಲೆ ಶುರುವಾಗುವ ಮುನ್ನ, ಶಾಲೆ ಬಿಟ್ಟ ಮೇಲಿನ ಸಂಜೆ, ಮತ್ತು ಭಾನುವಾರದ ಮಧ್ಯಾಹ್ನ. ಈ ಮೂರು ಹೊತ್ತಿನ ಚಿತ್ರ ಒಂದೇ ತೆರನಾಗಿರುವುದಿಲ್ಲ.

ಅಂಗಡಿಯ ಮುಂದೆ ನಿಂತಾಗ ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ಪಾನ್ ಮಸಾಲದ ಸರ ಎಲ್ಲಿ ತೂಗುತ್ತಿದೆ? ಚಾಕೊಲೇಟು, ಹುಣಸೆ ಮಿಠಾಯಿ, ಕುರುಕಲು ತಿಂಡಿಗಳ ಪಕ್ಕದಲ್ಲೇ ಇದೆಯೇ? ಬಿಡಿ ಸಿಗರೇಟಿನ ಡಬ್ಬಿ ಮುಂದಿದೆಯೇ? ಸಿಗರೇಟು ಹಚ್ಚಿಕೊಳ್ಳಲು ಲೈಟರನ್ನು ದಾರ ಕಟ್ಟಿ ತೂಗುಹಾಕಿದ್ದಾರೆಯೇ? ಶಾಲೆಯ ಗೇಟಿನಿಂದ ಅಂಗಡಿಗೆ ಎಷ್ಟು ದೂರ? ದೂರವನ್ನು ಕಣ್ಣಳತೆಯಲ್ಲಿ ಬರೆಯದೆ ಟೇಪು ಹಿಡಿದೇ ಅಳೆಯಿರಿ, ಏಕೆಂದರೆ ಮುಂದೆ ಅಧಿಕಾರಿಗಳ ಮುಂದೆ ಮಾತನಾಡುವಾಗ ಈ ಅಂಕಿಯೇ ನೆರವಿಗೆ ಬರುವುದು.

ಒಂದು ಎಚ್ಚರಿಕೆ ಬಹಳ ಮುಖ್ಯ. ಯಾವ ಮಗುವಿನ ಹೆಸರನ್ನೂ ಬರೆದುಕೊಳ್ಳಬೇಡಿ, ಫೋಟೋ ತೆಗೆಯಬೇಡಿ. ಬಡವರ ಬೀದಿಯಲ್ಲಿ ಹುಡುಗನೊಬ್ಬನಿಗೆ ಒಮ್ಮೆ ಅಂಟಿದ ಹೆಸರು ಶಾಲೆಯಲ್ಲಿ, ಕೆಲಸ ಕೇಳುವಲ್ಲಿ, ಠಾಣೆಯಲ್ಲಿ ಎಲ್ಲೆಡೆಯೂ ಅವನ ಹಿಂದೆಯೇ ಬರುತ್ತದೆ.

ಎರಡನೆಯ ಹೆಜ್ಜೆ: ಮಕ್ಕಳ ಮಾತು ಕೇಳುವುದು

ನಕ್ಷೆ ಮುಗಿದ ಮೇಲೆ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಮಾತನಾಡಿಸಿ. ಹತ್ತರಿಂದ ಹದಿನಾಲ್ಕರವರು ಬೇರೆ, ಹದಿನೈದರಿಂದ ಹತ್ತೊಂಬತ್ತರವರು ಬೇರೆ, ಹೆಣ್ಣುಮಕ್ಕಳು ಬೇರೆ. ಕೇಳುವವರು ಒಬ್ಬರೇ ಇರಲಿ, ಗುಂಪಿನಲ್ಲಿ ಎಂಟು ಹತ್ತು ಮಕ್ಕಳಿಗಿಂತ ಹೆಚ್ಚು ಬೇಡ. “ನೀನು ಹಾಕ್ತೀಯಾ?” ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ತಲೆಯಾಡಿಸುತ್ತಾರೆ. “ನಿಮ್ಮ ವಯಸ್ಸಿನೋರಿಗೆ ಇದೆಲ್ಲ ಎಲ್ಲಿ ಸಿಗುತ್ತೆ? ಮೊದಲನೇ ಸಲ ಯಾರು ಕೊಡ್ತಾರೆ? ಯಾವಾಗ ಬೇಕು ಅನ್ಸುತ್ತೆ?” ಎಂದು ಕೇಳಿದರೆ ಮಾತು ತಾನಾಗಿ ಹೊರಬರುತ್ತದೆ. ಅಲ್ಲಿ ಕೇಳಿದ್ದನ್ನು ಮನೆಯವರಿಗೆ ಹೇಳುವುದಿಲ್ಲವೆಂದು ಮೊದಲೇ ಮಾತು ಕೊಡಿ ಮತ್ತು ಆ ಮಾತನ್ನು ಉಳಿಸಿಕೊಳ್ಳಿ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಅಥವಾ ಅದರ ಜೀವಕ್ಕೆ ಅಪಾಯವಿದೆ ಎಂದು ತಿಳಿದಾಗ ಮಾತ್ರ ಇದಕ್ಕೆ ವಿನಾಯಿತಿ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು. ಈ ವಿನಾಯಿತಿಯನ್ನೂ ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಇಂಥ ಮಾತುಕತೆಯಲ್ಲಿ ಹೊರಬರುವ ಕಾರಣಗಳು ನಾವು ಭಿತ್ತಿಪತ್ರದಲ್ಲಿ ಬರೆಯುವ ಕಾರಣಗಳಿಗಿಂತ ಬೇರೆಯಾಗಿರುತ್ತವೆ. ಮೂಟೆ ಇಳಿಸುವ ಕೆಲಸಕ್ಕೆ ಬೆಳಗಿನ ಜಾವವೇ ಹೋಗುವ ಹುಡುಗ ನಿದ್ದೆ ತಡೆಯಲು ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಕೋಟಿನ್ ಹಸಿವನ್ನು ಅಡಗಿಸುವುದರಿಂದ ಬೆಳಗಿನ ತಿಂಡಿ ಸಿಗದವನಿಗೆ ಅದೇ ಆಸರೆಯೆನಿಸುತ್ತದೆ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತರಿಸಿಕೋ ಎಂದು ಮನೆಯ ಹಿರಿಯರೇ ಹೇಳಿರುತ್ತಾರೆ. ದೊಡ್ಡ ಹುಡುಗರ ಗುಂಪಿಗೆ ಸೇರಬೇಕಾದರೆ ಒಂದು ಎಳೆತ ಎಳೆದು ತೋರಿಸಬೇಕು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕಾಗುತ್ತದೆ. ಹಲ್ಲುನೋವಿಗೆ ಉತ್ತರ ದಂತವೈದ್ಯರು, ಹಸಿವಿಗೆ ಉತ್ತರ ಊಟ. ಇದನ್ನು ಗಮನಿಸದೆ ಎಲ್ಲರಿಗೂ ಒಂದೇ ಭಾಷಣ ಮಾಡಿದರೆ ಮಕ್ಕಳು ಸುಮ್ಮನೆ ಕೇಳಿಸಿಕೊಂಡು ಎದ್ದುಹೋಗುತ್ತಾರೆ.

ಹೆಣ್ಣುಮಕ್ಕಳ ಗುಂಪನ್ನು ಬಿಡಬೇಡಿ. ಅವರಲ್ಲಿ ಸೇದುವುದು ಕಡಿಮೆ ಎಂಬ ಕಾರಣಕ್ಕೆ ಕಡ್ಡಿಪುಡಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಹಲ್ಲುಜ್ಜಲು ಬಳಸುವ ತಂಬಾಕಿನ ಪುಡಿ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತವೆ.

ಮೂರನೆಯ ಹೆಜ್ಜೆ: ಮನೆ

ಮನೆಯವರ ಬಳಿ ಮೊದಲ ದಿನವೇ “ಬೀಡಿ ಬಿಡಿ” ಎಂದು ಕೇಳಬೇಡಿ. ಇಪ್ಪತ್ತು ವರ್ಷ ಸೇದಿದ ಮನುಷ್ಯ ಸಂಘದವರ ಒಂದು ಮಾತಿಗೆ ಬಿಡುವುದಿಲ್ಲ, ಆದರೆ ತನ್ನ ಮಗ ಕಲಿಯಬಾರದೆಂಬ ಆಸೆ ಅವನಿಗೂ ಇರುತ್ತದೆ. ಆ ಆಸೆಯನ್ನೇ ಹಿಡಿದು ಮೂರು ಮಾತು ಒಪ್ಪಿಸಿ. ಮಗುವನ್ನು ಬೀಡಿ, ಸಿಗರೇಟು, ಪೊಟ್ಟಣ ತರಲು ಅಂಗಡಿಗೆ ಕಳಿಸುವುದಿಲ್ಲ. ಮನೆಯೊಳಗೆ ಸೇದುವುದಿಲ್ಲ. ಮಗುವಿನ ಕೈಗೆ ಸಿಗುವಂತೆ ಪೊಟ್ಟಣ ಇಡುವುದಿಲ್ಲ.

ಮೂರರಲ್ಲಿ ಮೊದಲನೆಯದೇ ಹೆಚ್ಚು ಫಲ ಕೊಡುವಂಥದ್ದು. ಅಂಗಡಿಗೆ ಹೋಗಿ ಬರುವ ಮಗುವಿಗೆ ಯಾವ ಪೊಟ್ಟಣಕ್ಕೆ ಎಷ್ಟು ಬೆಲೆ, ಹೇಗೆ ಕೇಳಬೇಕು ಎಂಬುದೆಲ್ಲ ಅಭ್ಯಾಸವಾಗುತ್ತದೆ. “ಅಪ್ಪಂಗೆ” ಎಂದರೆ ಅಂಗಡಿಯವರು ಎರಡನೇ ಮಾತು ಕೇಳದೆ ಕೊಡುತ್ತಾರೆ. ಒಂದು ದಿನ ಅದೇ ಮಾತು ಹೇಳಿ ತನಗಾಗಿ ತರುವುದಕ್ಕೆ ಮಗುವಿಗೆ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಬೀದಿಯ ಎಲ್ಲ ಮನೆಗಳೂ ಈ ಒಂದು ನಿಯಮ ಒಪ್ಪಿದರೆ “ಅಪ್ಪಂಗೆ” ಎಂಬ ನೆಪವೇ ಇಲ್ಲವಾಗುತ್ತದೆ, ಅಂಗಡಿಯವರಿಗೂ ಇಲ್ಲವೆನ್ನುವುದು ಸುಲಭವಾಗುತ್ತದೆ. ಹಾಗಾಗಿ ಇದನ್ನು ಒಂದೊಂದೇ ಮನೆಯಲ್ಲಿ ಬೇಡಿಕೊಳ್ಳುವುದಕ್ಕಿಂತ ಸಂಘದ ವಾರದ ಸಭೆಯಲ್ಲಿ ಎಲ್ಲರೂ ಒಟ್ಟಾಗಿ ಒಪ್ಪುವಂತೆ ಮಾಡುವುದು ಮೇಲು.

ಅಜ್ಜಿಯರ ಬಳಿ ಇನ್ನಷ್ಟು ಮೆಲ್ಲಗೆ ಮಾತನಾಡಬೇಕು. ಎಲೆಅಡಿಕೆಯ ಚೀಲ ಅವರ ದಿನದ ಒಡನಾಡಿ, ಅದರಲ್ಲಿ ಹೊಗೆಸೊಪ್ಪೂ ಇರುತ್ತದೆ, ಮೊಮ್ಮಕ್ಕಳ ಕೈಯಲ್ಲೇ ಸುಣ್ಣ ಸವರಿಸಿ ಎಲೆ ಮಡಿಸಿಕೊಳ್ಳುವುದು ಪ್ರೀತಿಯ ಒಂದು ರೀತಿ. “ಅಜ್ಜಿ, ನಿಮ್ಮ ಎಲೆಅಡಿಕೆ ನೀವೇ ಮಡ್ಸ್ಕೊಳ್ಳಿ, ಮಗು ಕೈಗೆ ಸೊಪ್ಪು ಕೊಡಬ್ಯಾಡಿ” ಎಂಬಷ್ಟಕ್ಕೆ ನಿಲ್ಲಿಸಿ. ಚೀಲವನ್ನು ಕಿತ್ತುಕೊಳ್ಳುವ ಮಾತು ಬಂದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ.

ಇಲ್ಲಿ ನಮ್ಮ ಜಿಲ್ಲೆಗೆ ಸೇರಿದ ಒಂದು ಸೂಕ್ಷ್ಮವನ್ನೂ ಹೇಳಬೇಕು. ಅರಕಲಗೂಡು ತಾಲ್ಲೂಕಿನಲ್ಲಿ ತಂಬಾಕು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ನಗರಕ್ಕೆ ಬಂದು ನೆಲೆಸಿದ ಕೆಲವು ಕುಟುಂಬಗಳ ನಂಟರಿಷ್ಟರು ಈಗಲೂ ಬ್ಯಾರನ್ನುಗಳಲ್ಲಿ ಸೊಪ್ಪು ಒಣಗಿಸಿ ಬದುಕುತ್ತಿರಬಹುದು. ತಂಬಾಕು ಬೆಳೆಯುವವರನ್ನು ಪಾಪಿಗಳೆಂದು ಬಯ್ಯುವ ಸಭೆಯಲ್ಲಿ ಇಂಥ ಕುಟುಂಬದವರು ತಲೆ ತಗ್ಗಿಸಿ ಕೂರುತ್ತಾರೆ, ಮುಂದಿನ ಸಭೆಗೆ ಬರುವುದಿಲ್ಲ. ನಮ್ಮ ಮಾತು ಮಕ್ಕಳಿಗೆ ಸೀಮಿತವಾಗಿರಲಿ. ರಜೆಯಲ್ಲಿ ಊರಿಗೆ ಹೋದ ಮಕ್ಕಳು ಹಸಿ ಸೊಪ್ಪು ಮುರಿಯುವ, ಕೋಲಿಗೆ ಕಟ್ಟುವ ಕೆಲಸಕ್ಕೆ ಕೈ ಹಾಕದಂತೆ ಮಾತ್ರ ತಿಳಿಸಿ ಹೇಳಿ. ಒದ್ದೆ ಎಲೆಯಿಂದ ಚರ್ಮದ ಮೂಲಕವೇ ನಿಕೋಟಿನ್ ಮೈಗೆ ಇಳಿದು ವಾಕರಿಕೆ, ವಾಂತಿ, ತಲೆಸುತ್ತು ಬರುತ್ತದೆ.

ನಾಲ್ಕನೆಯ ಹೆಜ್ಜೆ: ಅಂಗಡಿ

ಈ ಹೆಜ್ಜೆಗೆ ಹೊರಡುವ ಮುನ್ನ ಕಾನೂನನ್ನು ಸರಿಯಾಗಿ ತಿಳಿದಿರಬೇಕು. 2003ರ ಕೇಂದ್ರ ಕಾಯ್ದೆ, ಅಂದರೆ ಅಧಿಕಾರಿಗಳು ಕೋಟ್ಪಾ ಎಂದು ಕರೆಯುವ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತ್ತು. ಕರ್ನಾಟಕ ತಂದ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಈ ವಯಸ್ಸು 21ಕ್ಕೆ ಏರಿದೆ. ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ಒಳಗೆ ಮಾರಾಟ ಮಾಡುವಂತಿಲ್ಲ, ಬಿಡಿಬಿಡಿಯಾಗಿ ಸಿಗರೇಟು ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ₹200 ಇದ್ದ ದಂಡ ₹1,000ಕ್ಕೆ ಏರಿದೆ. ಇವೆಲ್ಲಕ್ಕಿಂತ ಕಠಿಣವಾದದ್ದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ. ಅದರ ಪ್ರಕಾರ 18 ವರ್ಷದೊಳಗಿನ ಮಗುವಿಗೆ ತಂಬಾಕು ಉತ್ಪನ್ನ ಕೊಟ್ಟವರಿಗೆ, ಕೊಡಿಸಿದವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇ-ಸಿಗರೇಟನ್ನು 2019ರ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆದರೆ ಪಾನ್ ಮಸಾಲವನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದು ಪೊಟ್ಟಣದಲ್ಲಿ ಕೊಟ್ಟು ಬೆರೆಸಿಕೊಳ್ಳುವಂತೆ ಮಾಡುವ ದಾರಿಯನ್ನು ಮಾರುಕಟ್ಟೆ ಕಂಡುಕೊಂಡಿತು.

ಇಷ್ಟನ್ನು ತಿಳಿದುಕೊಂಡು ಅಂಗಡಿಗೆ ಹೋಗಿ, ಆದರೆ ಕಾನೂನಿನ ಮಾತಿನಿಂದ ಶುರು ಮಾಡಬೇಡಿ. ಇಂಥ ಬಡಾವಣೆಗಳ ಪೆಟ್ಟಿಗೆ ಅಂಗಡಿಯನ್ನು ಎಷ್ಟೋ ಸಲ ಗಂಡನನ್ನು ಕಳೆದುಕೊಂಡ ಹೆಂಗಸು, ಅಂಗವೈಕಲ್ಯವಿರುವ ಗಂಡಸು, ವಯಸ್ಸಾದ ದಂಪತಿ ನಡೆಸುತ್ತಿರುತ್ತಾರೆ. ಸಂಘದ ಮಹಿಳೆಯರೇ ಹೋಗಿ, ವ್ಯಾಪಾರವಿಲ್ಲದ ಹೊತ್ತಿನಲ್ಲಿ, “ಅಕ್ಕಾ, ನಮ್ಮ ಬೀದಿ ಮಕ್ಕಳು ನಿಮ್ಮ ಕಣ್ಮುಂದೇನೇ ಬೆಳ್ದಿರೋರು. ಯಾರೇ ಕಳ್ಸಿದ್ರೂ ಅವ್ರ ಕೈಗೆ ಮಾತ್ರ ಕೊಡ್ಬೇಡಿ” ಎಂದು ಕೇಳಲಿ. ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಎರಡೇ: ಮಕ್ಕಳಿಗೆ ಮಾರದಿರುವುದು, ಮತ್ತು ಸರಗಳನ್ನು ಮಿಠಾಯಿಯ ಪಕ್ಕದಿಂದ ತೆಗೆದು ಮಗುವಿನ ಕಣ್ಣಿಗೆ ಬೀಳದ ಕಡೆ ಇಡುವುದು. ಎರಡನೇ ಭೇಟಿಗೆ ಫಲಕ ತೆಗೆದುಕೊಂಡು ಹೋಗಿ. ನಿಗದಿತ ವಯಸ್ಸಿನೊಳಗಿನವರಿಗೆ ತಂಬಾಕು ಮಾರುವುದು ಅಪರಾಧ ಎಂಬ, ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಫಲಕವನ್ನು ಅಂಗಡಿಯವರು ಹಾಕಬೇಕೆಂಬ ನಿಯಮವೇ ಇದೆ. ಅದನ್ನು ನೀವೇ ಬರೆಸಿಕೊಟ್ಟರೆ ಅವರಿಗೆ ಖರ್ಚು ಉಳಿಯುತ್ತದೆ, ದೊಡ್ಡ ಹುಡುಗರು ಗಲಾಟೆ ಮಾಡಿದಾಗ ಬೆರಳು ಮಾಡಿ ತೋರಿಸಲು ಒಂದು ಆಧಾರವೂ ಸಿಗುತ್ತದೆ.

ಶಾಲೆಯ 100 ಮೀಟರ್ ಒಳಗಿರುವ ಅಂಗಡಿಯವರ ವಿಷಯ ಬೇರೆ. ಅವರು ತಂಬಾಕು ಮಾರಾಟವನ್ನೇ ಪೂರ್ತಿ ನಿಲ್ಲಿಸಬೇಕು. ಅದರಿಂದ ಅವರ ದಿನದ ಗಳಿಕೆಗೆ ಪೆಟ್ಟು ಬೀಳುವುದು ನಿಜ, ಅದನ್ನು ಇಲ್ಲವೆಂದು ನಟಿಸಬಾರದು. ನೋಟ್‌ಬುಕ್ಕು, ಪೆನ್ನು, ಬಾಳೆಹಣ್ಣು, ಕಡಲೆಮಿಠಾಯಿ, ಮೊಬೈಲ್ ರೀಚಾರ್ಜ್ ಮುಂತಾದವನ್ನು ಇಡಲು ಸಂಘದಿಂದ ಸಣ್ಣ ಸಾಲ ಕೊಡಿಸಲಾಗುತ್ತದೆಯೇ ನೋಡಿ. ಬೀದಿ ವ್ಯಾಪಾರಿಯಾಗಿದ್ದರೆ ನಗರಾಡಳಿತದ ಕಚೇರಿಯಲ್ಲಿ ಪಿಎಂ ಸ್ವನಿಧಿ ಸಾಲದ ಬಗ್ಗೆ ವಿಚಾರಿಸಲು ಜೊತೆಗೆ ಹೋಗಿ. ಬೀದಿಯ ಮನೆಗಳು ಆ ಅಂಗಡಿಯಲ್ಲೇ ಸಾಮಾನು ಕೊಳ್ಳುತ್ತೇವೆಂದು ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ನೆರವು ಇಲ್ಲ.

ಎರಡು ಮೂರು ಬಾರಿ ಹೇಳಿಯೂ ಮಕ್ಕಳಿಗೆ ಮಾರುವವರು ಇದ್ದೇ ಇರುತ್ತಾರೆ. ಅಂಥವರ ಮೇಲೆ ಜಿಲ್ಲಾ ತಂಬಾಕು ನಿಯಂತ್ರಣ ಘಟಕಕ್ಕೆ ಅಥವಾ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಅಂಗಡಿ ಇರುವ ಜಾಗ, ಶಾಲೆಯಿಂದ ಅಳೆದ ದೂರ, ನೋಡಿದ ದಿನ ಮತ್ತು ಹೊತ್ತು ಬರೆದು, ಒಂದು ಪ್ರತಿಗೆ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಸಾಕ್ಷಿಗಾಗಿ ಮಕ್ಕಳ ಕೈಗೆ ದುಡ್ಡು ಕೊಟ್ಟು ಕೊಂಡು ತರಲು ಕಳಿಸುವ ಕೆಲಸವನ್ನು ಎಂದಿಗೂ ಮಾಡಬೇಡಿ. ದೂರು ಕೊಟ್ಟವರಲ್ಲಿ ಮಕ್ಕಳ ಹೆಸರು ಬಾರದಂತೆಯೂ ನೋಡಿಕೊಳ್ಳಿ. ಹಾಸನಾಂಬೆಯ ದರ್ಶನದ ದಿನಗಳಲ್ಲಿ, ಜಾತ್ರೆ, ಗಣಪತಿ ಉತ್ಸವದ ಹೊತ್ತಿನಲ್ಲಿ ತಾತ್ಕಾಲಿಕ ಅಂಗಡಿಗಳು ಏಳುತ್ತವೆ. ಅವುಗಳಿಗೆ ಜಾಗ ಕೊಡುವಾಗಲೇ ತಂಬಾಕು ಮಾರಬಾರದೆಂಬ ಷರತ್ತು ಹಾಕುವಂತೆ ನಗರಾಡಳಿತಕ್ಕೆ ಮುಂಚಿತವಾಗಿ ಮನವಿ ಕೊಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಶಾಲೆ

ಕೇಂದ್ರ ಆರೋಗ್ಯ ಸಚಿವಾಲಯ ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳಿಗಾಗಿ ಮಾರ್ಗಸೂಚಿ ಹೊರಡಿಸಿದೆ. ಗೇಟಿನಲ್ಲಿ ಮತ್ತು ಆವರಣದಲ್ಲಿ ಫಲಕ, ಶಾಲೆಯ ಹೊರಗೆ ರಸ್ತೆಯ ಮೇಲೆ ತಂಬಾಕು ಮಾರಬಾರದ ಗಡಿಯನ್ನು ತೋರಿಸುವ ಹಳದಿ ಗೆರೆ, ಶಿಕ್ಷಕರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ತಂಬಾಕು ಮೇಲ್ವಿಚಾರಕರು, ಆವರಣದಲ್ಲಿ ತಂಬಾಕಿನ ಕುರುಹು ಇಲ್ಲದಿರುವುದು ಮುಂತಾದವು ಅದರಲ್ಲಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ಪಟ್ಟಿಯನ್ನಿಟ್ಟು ಒಂದೊಂದನ್ನೇ ಮಾಡಿ ಮುಗಿಸಬಹುದು. ಹಳದಿ ಗೆರೆ ಎಳೆಯುವ ದಿನ ಪೋಷಕರನ್ನೂ ಅಂಗಡಿಯವರನ್ನೂ ಕರೆದರೆ ಗೆರೆಯ ಅರ್ಥ ಎಲ್ಲರಿಗೂ ಒಟ್ಟಿಗೆ ತಿಳಿಯುತ್ತದೆ. ಶಿಕ್ಷಕರಲ್ಲಿ ಯಾರಾದರೂ ಬಳಸುವವರಿದ್ದರೆ ಶಾಲೆಯ ಹೊತ್ತಿನಲ್ಲಾದರೂ ಬಿಟ್ಟಿರಬೇಕು, ಇದರಲ್ಲಿ ರಿಯಾಯಿತಿ ತೋರಿಸಲಾಗದು.

ಪಾಠದ ರೀತಿಯ ಬಗ್ಗೆ ಒಂದು ಮಾತು. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ‘ಮೈತ್ರಿ’ ಎಂಬ ಯೋಜನೆಯನ್ನು ಆರನೇ ಮತ್ತು ಎಂಟನೇ ತರಗತಿಯ ಮಕ್ಕಳೊಂದಿಗೆ ನಡೆಸಿ ನೋಡಿದರು. ತರಗತಿಯ ಚಟುವಟಿಕೆಗಳನ್ನು ಮಕ್ಕಳೇ ಆರಿಸಿದ ಸಹಪಾಠಿ ನಾಯಕರು ನಡೆಸಿದರು, ಪೋಷಕರಿಗೂ ಕಾಗದಗಳು ಹೋದವು. ಇದು ನಡೆದ ಶಾಲೆಗಳಲ್ಲಿ ತಂಬಾಕು ಬಳಕೆ ಉಳಿದ ಶಾಲೆಗಳಷ್ಟು ಏರಲಿಲ್ಲ. ಅದೇ ವಯಸ್ಸಿನವರ ಮಾತಿಗೆ ಇರುವ ತೂಕ ಹೊರಗಿನಿಂದ ಬಂದ ಅತಿಥಿಯ ಮಾತಿಗೆ ಇರುವುದಿಲ್ಲ ಎಂಬುದನ್ನು ನಮ್ಮ ಶಾಲೆಗಳಲ್ಲೂ ಕಾಣಬಹುದು.

ಆದ್ದರಿಂದ ಮಕ್ಕಳಿಗೆ ಬೇಡವೆನ್ನುವ ಅಭ್ಯಾಸವನ್ನು ಆಡಿಸಿಯೇ ಕಲಿಸಿ. ಇಬ್ಬರು ಒತ್ತಾಯ ಮಾಡುವವರಾಗಲಿ, ಒಬ್ಬ ತಪ್ಪಿಸಿಕೊಳ್ಳುವವನಾಗಲಿ, ಮಾತು ಅವರದೇ ಭಾಷೆಯಲ್ಲಿರಲಿ. “ಬ್ಯಾಡ ಕಣೋ, ನಂಗೆ ಆಗಲ್ಲ”, “ಕಬಡ್ಡಿ ಐತೆ, ದಮ್ಮು ಕಟ್ಟುತ್ತೆ”, “ನೀನು ಹಾಕ್ಕೋ, ನನ್ನ ಬಿಡು” ಎಂಬಂಥ ಚಿಕ್ಕ ಉತ್ತರಗಳನ್ನು ಮಕ್ಕಳೇ ಹುಡುಕುತ್ತಾರೆ. ಒತ್ತಾಯ ಮಾಡುವವನು ಅಣ್ಣನೋ, ಕೆಲಸದ ಜಾಗದ ಮೇಸ್ತ್ರಿಯೋ ಆಗಿರುವ ಸನ್ನಿವೇಶವನ್ನೂ ಆಡಿಸಿ, ಏಕೆಂದರೆ ಗೆಳೆಯನಿಗೆ ಹೇಳಿದ ಉತ್ತರವನ್ನು ಅಲ್ಲಿ ಹೇಳಲಾಗುವುದಿಲ್ಲ.

ನಲವತ್ತು ವರ್ಷದ ನಂತರ ಬರಬಹುದಾದ ಕ್ಯಾನ್ಸರಿನ ಮಾತು ಹನ್ನೆರಡರ ಮಗುವಿಗೆ ದೂರದ ಊರಿನ ಸುದ್ದಿಯಂತೆ ಕೇಳಿಸುತ್ತದೆ. ಈಗಲೇ ಕಾಣುವುದನ್ನು ಹೇಳಿ: ಬಾಯಿಯ ವಾಸನೆ, ಹಲ್ಲಿನ ಕಲೆ, ಓಡುವಾಗ ಕಟ್ಟುವ ಉಸಿರು, ವಾರಕ್ಕೆ ಪೊಟ್ಟಣಕ್ಕೆ ಹೋಗುವ ದುಡ್ಡು. ಆ ದುಡ್ಡಿನ ಲೆಕ್ಕವನ್ನು ಮಕ್ಕಳೇ ಹಾಕಲಿ. ತಂಬಾಕಿಲ್ಲದ ಪಾನ್ ಮಸಾಲ ನಿರುಪದ್ರವಿ ಎಂಬ ತಪ್ಪು ನಂಬಿಕೆಯನ್ನೂ ಇಲ್ಲೇ ತೆಗೆಯಬೇಕು. ಅಡಿಕೆಯನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅದನ್ನು ಅಗಿಯುತ್ತಾ ಹೋದರೆ ಬಾಯಿಯ ಒಳಪದರ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಎಳೆಯ ವಯಸ್ಸಿನಲ್ಲೇ ಬರಬಹುದು. ಅಡಿಕೆ ಬೆಳೆಯುವ ಸೀಮೆಯಲ್ಲಿ ಈ ಮಾತು ಆಡುವುದು ಸುಲಭವಲ್ಲ, ಆದರೂ ಮಕ್ಕಳ ಮುಂದೆ ಇದನ್ನು ಮರೆಮಾಚಬಾರದು.

ಆರನೆಯ ಹೆಜ್ಜೆ: ದುಡಿಯುವ ಹುಡುಗರು

ಶಾಲೆ ಬಿಟ್ಟವರನ್ನು ತಲುಪದಿದ್ದರೆ ಈವರೆಗಿನ ಕೆಲಸದ ಅರ್ಧ ವ್ಯರ್ಥ. ಕಟ್ಟಿನಕೆರೆ ಮಾರುಕಟ್ಟೆ, ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳು, ಗ್ಯಾರೇಜುಗಳು, ಕಟ್ಟಡ ಕೆಲಸದ ಜಾಗಗಳಂಥ ಕಡೆ ಹದಿಹರೆಯದವರು ದುಡಿಯುವುದುಂಟು. ಹದಿನಾಲ್ಕು ತುಂಬದ ಮಗು ಕೂಲಿಗೆ ನಿಂತಿದ್ದರೆ ಅಲ್ಲಿ ತಂಬಾಕಿನ ಮಾತು ಎರಡನೆಯದು. 1986ರ ಬಾಲಕಾರ್ಮಿಕ ಕಾಯ್ದೆ ಮತ್ತು ಅದರ 2016ರ ತಿದ್ದುಪಡಿಯ ಪ್ರಕಾರ ಆ ಮಗುವನ್ನು ದುಡಿಸಿಕೊಳ್ಳುವುದೇ ಅಪರಾಧ, 1098ಕ್ಕೆ ತಿಳಿಸಿ ಮಗುವನ್ನು ಶಾಲೆಗೆ ಮರಳಿಸುವುದೇ ಮೊದಲ ಕೆಲಸ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.

ಉಳಿದವರ ವಿಷಯದಲ್ಲಿ ಮಾಲೀಕರನ್ನೇ ಜೊತೆಗೆ ಸೇರಿಸಿಕೊಳ್ಳಬೇಕು. ಅವರಿಗೆ ಕೇಳಬೇಕಾದದ್ದು ದೊಡ್ಡದೇನಲ್ಲ: ಹುಡುಗರನ್ನು ಸಿಗರೇಟು ತರಲು ಕಳಿಸಬೇಡಿ, ಬಟವಾಡೆಯ ಜೊತೆಗೆ ಪೊಟ್ಟಣ ಕೊಡಬೇಡಿ, ಟೀ ಬಿಡುವಿನ ಜೊತೆಗೆ ಏನಾದರೂ ತಿನ್ನಲು ಕೊಡಿ. ದುಡಿಯುವ ಹುಡುಗರು ಸೇದುವವರ ನಡುವೆ ಕೂರದಿದ್ದರೆ ಅವರಿಗೆ ಬಿಡುವೇ ಸಿಗದಂಥ ಪರಿಸ್ಥಿತಿ ಇರಬಾರದು. ಸೇದುವವನಿಗೆ ಹತ್ತು ನಿಮಿಷದ ವಿರಾಮ, ಸೇದದವನಿಗೆ ಇನ್ನೊಂದು ಕೆಲಸ ಎಂಬ ಪದ್ಧತಿಯೇ ಎಷ್ಟೋ ಹುಡುಗರಿಗೆ ಬೀಡಿ ಹಿಡಿಸುತ್ತದೆ. ವಾರದ ಬಟವಾಡೆಯಲ್ಲಿ ಒಂದು ಪಾಲನ್ನು ಹುಡುಗನ ಹೆಸರಿನ ಅಂಚೆ ಕಚೇರಿ ಉಳಿತಾಯ ಖಾತೆಗೆ ಹಾಕುವ ರೂಢಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಸಂಜೆಯ ಹೊತ್ತಿಗೆ ಸೇರಲು ಒಂದು ಜಾಗ ಬೇಕು. ಶಾಲೆಯ ಮೈದಾನವನ್ನು ಸಂಜೆ ತೆರೆದಿಡಲು ಒಪ್ಪಿಸುವುದು, ಒಂದು ವಾಲಿಬಾಲ್ ಬಲೆ, ಬೆಳಕಿನ ಒಂದು ಕಂಬ, ಇಷ್ಟಕ್ಕೆ ವಾರ್ಡಿನ ಜನಪ್ರತಿನಿಧಿಯನ್ನು ಕೇಳಬಹುದು.

ಏಳನೆಯ ಹೆಜ್ಜೆ: ಈಗಾಗಲೇ ಶುರುಮಾಡಿರುವ ಮಗು

ಹೊಡೆಯಬೇಡಿ, ಎಲ್ಲರೆದುರು ಅವಮಾನಿಸಬೇಡಿ, ಶಾಲೆಯಿಂದ ಹೊರಹಾಕಬೇಡಿ. ಹೊರಹಾಕಿದ ಮಗು ನೇರವಾಗಿ ಹೋಗಿ ಸೇರುವುದು ಸೇದುವವರ ಗುಂಪಿಗೇ. ನಿಕೋಟಿನ್ ಚಟ ಹಿಡಿಸುವ ವಸ್ತು, ಇಪ್ಪತ್ತೈದರ ಸುಮಾರಿನವರೆಗೂ ಬೆಳೆಯುತ್ತಲೇ ಇರುವ ಮೆದುಳಿಗೆ ಅದು ಬೇಗ ಅಂಟುತ್ತದೆ. ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಬೇಕಾದ ಪ್ರಶ್ನೆ ಒಂದಿದೆ: “ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕು ಅನ್ಸುತ್ತೆ, ಮಗಾ?” ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸುತ್ತಿದ್ದರೆ ಚಟ ಗಟ್ಟಿಯಾಗಿದೆ, ವೈದ್ಯರ ನೆರವು ಬೇಕು ಎಂದು ತಿಳಿಯಿರಿ.

ಬಿಟ್ಟ ಮೊದಲ ಎರಡು ಮೂರು ದಿನ ಕಷ್ಟ ಹೆಚ್ಚು. ಸಿಡುಕು, ತಲೆನೋವು, ನಿದ್ದೆಯಿಲ್ಲದಿರುವುದು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇವು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಇದು ಮೊದಲೇ ಗೊತ್ತಿದ್ದರೆ ಮನೆಯವರು ಮಗುವಿನ ಸಿಡುಕನ್ನು ತಾಳಿಕೊಳ್ಳುತ್ತಾರೆ. ಬೇಕೆನಿಸುವ ತುಡಿತ ಒಂದೊಂದು ಸಲಕ್ಕೆ ಕೆಲವು ನಿಮಿಷ ಮಾತ್ರ ಇರುತ್ತದೆ. ಆಗ ನೀರು ಕುಡಿಯುವುದು, ಉದ್ದಕ್ಕೆ ಉಸಿರೆಳೆಯುವುದು, ಜಾಗ ಬಿಟ್ಟು ಏಳುವುದು, ಒಂದು ಲವಂಗವನ್ನೋ ಹುರಿಗಡಲೆಯನ್ನೋ ಬಾಯಿಗೆ ಹಾಕಿಕೊಳ್ಳುವುದನ್ನು ಕಲಿಸಿ. ನಿಕೋಟಿನ್ ಚೂಯಿಂಗ್ ಗಮ್ಮನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಬಾರದು.

ನೆರವಿಗೆ ಹೋಗಬಹುದಾದ ಕಡೆಗಳಿವೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲು ದುಡ್ಡು ಬೇಡ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರವಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸಿನ ದುಗುಡವೂ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ. ನಗರ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಮೊದಲು ಹೋಗಿ, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ಕಿನ ದಿನ ಮತ್ತು ಹೊತ್ತನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಅಗಿಯುವ ಅಭ್ಯಾಸವಿರುವ ಮಗುವಿಗೆ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸಲು ಹೇಳಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಬಿಟ್ಟ ಮಗು ಮತ್ತೆ ಹಿಡಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಡಿ. ಯಾವ ಹೊತ್ತಿನಲ್ಲಿ, ಯಾರ ಜೊತೆಗಿದ್ದಾಗ ಮತ್ತೆ ಶುರುವಾಯಿತೆಂದು ಕೇಳಿ, ಅದೊಂದನ್ನು ತಪ್ಪಿಸುವ ದಾರಿ ಹುಡುಕಿ, ಇನ್ನೊಂದು ದಿನ ಗೊತ್ತು ಮಾಡಿ.

ಲೆಕ್ಕ ಇಡುವುದು

ಮೂರು ತಿಂಗಳಿಗೊಮ್ಮೆ ಮೊದಲಿನ ನಕ್ಷೆಯನ್ನೇ ಹಿಡಿದು ಅದೇ ಮೂರು ಹೊತ್ತಿನಲ್ಲಿ ಮತ್ತೆ ನಡೆಯಿರಿ. ಎಷ್ಟು ಅಂಗಡಿಗಳಲ್ಲಿ ಫಲಕವಿದೆ, ಎಷ್ಟು ಕಡೆ ಸರಗಳು ಮಿಠಾಯಿಯ ಪಕ್ಕದಲ್ಲಿವೆ, 100 ಮೀಟರ್ ಒಳಗೆ ಎಷ್ಟು ಕಡೆ ಮಾರಾಟ ನಡೆಯುತ್ತಿದೆ, ಎಷ್ಟು ಮನೆಗಳು ಮಕ್ಕಳನ್ನು ತರಲು ಕಳಿಸುವುದನ್ನು ನಿಲ್ಲಿಸಿವೆ, ಎಷ್ಟು ಮಕ್ಕಳು ನೆರವು ಕೇಳಿ ಬಂದರು ಎಂಬ ಐದು ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ಜಾಥಾ ಮಾಡಿದಿರಿ, ಎಷ್ಟು ಕರಪತ್ರ ಹಂಚಿದಿರಿ ಎಂಬುದನ್ನು ಬರೆಯುವ ಅಗತ್ಯವಿಲ್ಲ. ಶಾಲೆ ಮತ್ತೆ ತೆರೆಯುವ ಮುನ್ನ, ಮೇ ತಿಂಗಳ ಕೊನೆಯ ವಾರದಲ್ಲಿ, ನೋಟ್‌ಬುಕ್ಕನ್ನು ಬೀದಿಯವರ ಮುಂದೆ ಓದಿ, ಹತ್ತೊಂಬತ್ತು ದಾಟಿದ ಆ ಇಬ್ಬರ ಜಾಗಕ್ಕೆ ಹದಿನೇಳರ ಇನ್ನಿಬ್ಬರನ್ನು ಆರಿಸಿ ಅವರ ಕೈಗೆ ಕೊಡಿ. ಮೇ 31 ವಿಶ್ವ ತಂಬಾಕುರಹಿತ ದಿನವಾದ್ದರಿಂದ ಆರೋಗ್ಯ ಇಲಾಖೆಯವರೂ ಆ ವಾರ ಕರೆದರೆ ಬರುತ್ತಾರೆ. ಅಂಗಡಿಗಳ ಪಟ್ಟಿ ಮತ್ತು ಅಳೆದ ದೂರಗಳ ಪ್ರತಿಯನ್ನು ಅವರಿಗೆ ಅಂದೇ ಕೊಟ್ಟು ಸಹಿ ಹಾಕಿಸಿಕೊಳ್ಳಿ.